ಸಾವ್ಕಾರ ಸತ್ತ ಭಾನುವಾರ

ನಮ್ಮ ಗಿಳಿಗೆ ಸಾವ್ಕಾರ ಎಂದು ಹೆಸರಿಟ್ಟವಳು ನಾನೇ. ಪ್ರೀತಿಯಿಂದ ಇಟ್ಟ ಹೆಸರಲ್ಲ, ಸಿಟ್ಟಿನಿಂದ ಇಟ್ಟದ್ದು. ಪೇರಲ ಹಣ್ಣು ಕೊಟ್ಟರೆ ಅಲ್ಲೊಮ್ಮೆ ಇಲ್ಲೊಮ್ಮೆ ಕಚ್ಚಿ, ಉಳಿದದ್ದನ್ನು ನೆಲಕ್ಕೆ ಒಗೆದು, ಇನ್ನೊಂದು ತಾ ಎನ್ನುವ ಹಾಗೆ ನನ್ನ ಮುಖ ನೋಡುತ್ತಿತ್ತು. ಮೆಣಸಿನಕಾಯಿ ಕೊಟ್ಟರೆ ಬೀಜವಷ್ಟೇ ತಿಂದು ಸಿಪ್ಪೆಯನ್ನು ನನ್ನ ಹಾಸಿಗೆಯ ಮೇಲೆ ಉದುರಿಸುತ್ತಿತ್ತು. ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಬಳಿಯಲು ಈ ಮಹಾದೇವಿ ಇದ್ದಾಳಲ್ಲ, ಬಿಟ್ಟಿ ಆಳು. ಅದನ್ನು ಸಾವ್ಕಾರ ಅನ್ನದೆ ಇನ್ನೇನು ಅನ್ನಲಿ?

ತುಮಕೂರು ರಸ್ತೆಯ ಬದಿಯಲ್ಲಿ ಒಂದು ದೊಡ್ಡ ಮರ ಕಡಿದಾಗ ಪೊಟರೆಯಿಂದ ಬಿದ್ದ ಮರಿ ಅದು. ನನ್ನ ಗಂಡ ಸಿದ್ರಾಮ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮಾಕಳಿಯ ನಮ್ಮ ಕೋಣೆಗೆ ತಂದಿದ್ದ. ಮೈಮೇಲೆ ಒಂದು ಪುಕ್ಕ ಇರಲಿಲ್ಲ, ಕಣ್ಣು ಮುಚ್ಚಿತ್ತು, ನೋಡಿದರೆ ಹೇಸಿಗೆ ಬರುತ್ತಿತ್ತು. ಅವನು ನೆನೆಸಿದ ಕಡಲೆ ಅರೆದು ಬೆರಳ ತುದಿಯಲ್ಲಿ ಹಚ್ಚಿ ಹಚ್ಚಿ ತಿನ್ನಿಸಿ ಅದನ್ನು ಬದುಕಿಸಿದ. ಗಿಳಿ ಸಾಕುವ ಹಾಗಿಲ್ಲ, ಫಾರೆಸ್ಟ್‌ನವರು ಬಂದು ಹಿಡೀತಾರೆ ಎಂದು ಪಕ್ಕದ ಕೋಣೆಯ ಚನ್ನಕ್ಕ ಹೆದರಿಸಿದಳು. ಹಿಡಿದುಕೊಂಡು ಹೋಗಲಿ, ನನಗೂ ಹಿಕ್ಕೆ ಬಳಿಯುವುದು ತಪ್ಪುತ್ತದೆ ಎಂದೆ. ಯಾರೂ ಬರಲಿಲ್ಲ.

ಮರಿಯಾಗಿದ್ದಾಗಿನಿಂದ ಉಣಿಸಿದವನು ಸಿದ್ರಾಮ, ಹಾಗಾಗಿ ಅದಕ್ಕೆ ಅವನೇ ತಾಯಿ, ಅವನೇ ತಂದೆ. ಅವನು ಶಿಫ್ಟ್ ಮುಗಿಸಿ ಬಂದರೆ ಸಾಕು, ಪಂಜರದಿಂದ ಇಳಿದು ಕಾಲು ಒಳಮುಖ ಮಾಡಿಕೊಂಡು ಓಲಾಡುತ್ತ ನೆಲದ ಮೇಲೆ ನಡೆದು ಬರುತ್ತಿತ್ತು. ಅವನ ಪ್ಯಾಂಟನ್ನು ಕೊಕ್ಕಿನಲ್ಲಿ ಕಚ್ಚಿ, ಕಾಲಿನಲ್ಲಿ ಹಿಡಿದು, ಮರ ಹತ್ತುವ ಹಾಗೆ ಹೆಗಲಿನವರೆಗೂ ಹತ್ತುತ್ತಿತ್ತು. ಆಮೇಲೆ ಅವನ ಮೀಸೆಯ ಒಂದೊಂದೇ ಕೂದಲನ್ನು ಕೊಕ್ಕಿನಲ್ಲಿ ಎಳೆದು ಬಾಚುವುದು. ತಾನು ನುಂಗಿದ ಕಾಳನ್ನು ಮತ್ತೆ ಬಾಯಿಗೆ ತಂದು ಅವನ ಹೆಬ್ಬೆರಳ ಮೇಲೆ ಕಕ್ಕುವುದು. ಅದನ್ನು ನೋಡಿ ಈ ಮಹಾರಾಯನಿಗೆ ಎಲ್ಲಿಲ್ಲದ ಹೆಮ್ಮೆ.

"ನನಗ ಉಣಸಾಕತ್ತೈತಿ ನೋಡ," ಎನ್ನುತ್ತಿದ್ದ.

"ಹಂಗಾದ್ರ ರಾತ್ರಿಗೆ ರೊಟ್ಟಿ ಬ್ಯಾಡ ಬಿಡ್ರಿ, ಅದನ್ನ ಉಣ್ರಿ," ಎನ್ನುತ್ತಿದ್ದೆ ನಾನು.

ನನ್ನನ್ನು ಕಂಡರೆ ಮಾತ್ರ ಅದಕ್ಕೆ ಆಗುತ್ತಿರಲಿಲ್ಲ. ಕಣ್ಣಿನ ಕಪ್ಪು ಚುಕ್ಕೆಯನ್ನು ಹಿಗ್ಗಿಸಿ ಕುಗ್ಗಿಸಿ, ಕತ್ತು ಉದ್ದ ಮಾಡಿ, ಬೆರಳು ಸಿಕ್ಕರೆ ರಕ್ತ ಬರುವ ಹಾಗೆ ಕಚ್ಚುತ್ತಿತ್ತು. ಹಾಗಂತ ನಾನು ಬಟ್ಟೆ ಫ್ಯಾಕ್ಟರಿಯಿಂದ ಬರುವುದು ತಡವಾದರೆ ವಠಾರವೇ ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತಂತೆ. ಒಳಗೆ ಬಂದ ಕೂಡಲೇ "ಏನ್ ಮಾಡಾಕತ್ತಿ?" ಎಂದು ಗಂಡನಿಗಿಂತ ಗತ್ತಾಗಿ ಕೇಳುತ್ತಿತ್ತು. ಮಾತು ಬರುತ್ತಿದ್ದದ್ದು ಅಷ್ಟೇ. ಉಳಿದಂತೆ ಕುಕ್ಕರಿನ ಸೀಟಿ ಹೊಡೆಯುತ್ತಿತ್ತು; ಅದನ್ನು ನಂಬಿ ನಾನು ಬೇಳೆ ಹಸಿ ಇರುವಾಗಲೇ ಗ್ಯಾಸ್ ಆರಿಸಿದ್ದುಂಟು. ಇತ್ತೀಚೆಗೆ ಸಿದ್ರಾಮನ ಕೆಮ್ಮನ್ನೂ ಕಲಿತಿತ್ತು. ಅವನು ಮನೆಯಲ್ಲಿ ಇಲ್ಲದಾಗಲೂ ಮೂಲೆಯಿಂದ ಅವನ ಕೆಮ್ಮು ಕೇಳುತ್ತಿತ್ತು.

ಆ ಕೆಮ್ಮೇ ನನ್ನ ತಲೆನೋವಾಗಿತ್ತು. ಸಿದ್ರಾಮ ಕೆಲಸ ಮಾಡುತ್ತಿದ್ದದ್ದು ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ನಾನ್‌ಸ್ಟಿಕ್ ತವಾಗಳಿಗೆ ಕಪ್ಪು ಲೇಪ ಹಾಕಿ ದೊಡ್ಡ ಓವನ್‌ನಲ್ಲಿ ಸುಡುತ್ತಾರೆ. ಇವನು ಆ ಓವನ್ನಿನ ಬಾಯಲ್ಲಿ ನಿಲ್ಲುವವನು. ಕೆಲವು ದಿನ ಸಂಜೆ ಬಂದವನೇ ಚಳಿ ಚಳಿ ಎಂದು ಕಂಬಳಿ ಹೊದ್ದು ಮಲಗುತ್ತಿದ್ದ. ಎದೆ ಬಿಗಿ, ಮೈ ಕೆಂಡ. ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತಿತ್ತು, ಎದ್ದು ಮತ್ತೆ ಅಲ್ಲಿಗೇ ಹೋಗುತ್ತಿದ್ದ. ಕ್ಲಿನಿಕ್ಕಿನ ಡಾಕ್ಟರು ವೈರಲ್ ಎಂದು ಗುಳಿಗೆ ಕೊಟ್ಟರು. ವರ್ಷವಿಡೀ ಒಬ್ಬನಿಗೇ ಬರುವ ವೈರಲ್ ಯಾವುದು? ಆ ಓವನ್ ಬಿಟ್ಟು ಬೇರೆ ಕಡೆ ಹಾಕಿಸಿಕೊಳ್ಳಿ ಎಂದು ನಾನು ಬಡಿದುಕೊಂಡದ್ದೇ ಬಂತು. ಕೇಳಿದರೆ ತೆಗೆದೇ ಹಾಕುತ್ತಾರೆ ಎಂಬ ಭಯ ಅವನಿಗೆ. ಇವನು ಹೀಗೇ ಒಂದು ದಿನ ಏಳದೆ ಹೋದರೆ ಎಂಬ ಭಯ ನನಗೆ.

ಅಂಥ ಹೊತ್ತಿನಲ್ಲಿ ಮಗನನ್ನು ನೋಡಿಕೊಂಡು ಹೋಗಲು ನನ್ನ ಅತ್ತೆ ಶೇಖವ್ವ ಊರಿನಿಂದ ಬಂದಳು. ಮಗ ಸೊರಗಿದ್ದನ್ನು ಕಂಡು ಅತ್ತಳು. ನಾನು ಅಡುಗೆ ಸರಿಯಾಗಿ ಮಾಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬಂದ ದಿನದಿಂದ ರೊಟ್ಟಿ ಬಡಿಯುವುದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಹೇಳದೆಯೇ ಹೇಳುವ ಕಲೆ ಅತ್ತೆಯರಿಗೆ ಯಾರು ಕಲಿಸುತ್ತಾರೋ ಕಾಣೆ. ವಿಚಿತ್ರವೆಂದರೆ ಸಾವ್ಕಾರ ಅವಳನ್ನು ಕಚ್ಚಲಿಲ್ಲ. ಅವಳು ರೊಟ್ಟಿ ಬಡಿಯುವ ಸದ್ದಿಗೆ ತಲೆ ಮೇಲೆ ಕೆಳಗೆ ಕುಣಿಸುತ್ತಿತ್ತು, ಬಿಸಿ ರೊಟ್ಟಿಯ ಚೂರನ್ನು ಅವಳ ಕೈಯಿಂದ ಮರ್ಯಾದೆಯಾಗಿ ತೆಗೆದುಕೊಳ್ಳುತ್ತಿತ್ತು.

ಆ ಭಾನುವಾರ ಸಿದ್ರಾಮ ಓಟಿಗೆ, ಅಂದರೆ ರಜೆಯ ದಿನದ ಹೆಚ್ಚುವರಿ ದುಡಿಮೆಗೆ, ಹೋಗಿದ್ದ. ನಾನು ತರಕಾರಿ ತರಲು ಹೊರಟೆ. ಗಿಳಿ ಪಂಜರದ ಹೊರಗಿದೆ, ಕಿಟಕಿ ಬಾಗಿಲು ಹಾಕಿಕೊಳ್ಳಿ ಎಂದು ಅತ್ತೆಗೆ ಹೇಳಿ ಹೋದೆ. ನಮ್ಮದು ಒಂದೇ ಕೋಣೆ. ಅದರಲ್ಲೇ ಗ್ಯಾಸಿನ ಕಟ್ಟೆ, ಕಟ್ಟೆಯ ಮೇಲೆ ಮೊಳೆಗೆ ನೇತುಹಾಕಿದ ಪಂಜರ.

ರೊಟ್ಟಿಗೆಂದು ನಮ್ಮಲ್ಲಿ ಹಳೆಯ ಕಬ್ಬಿಣದ ಹಂಚು ಇತ್ತು. ಅದರ ಪಕ್ಕದಲ್ಲಿ ಸಿದ್ರಾಮ ಕಾರ್ಖಾನೆಯಿಂದ ತಂದ, ಅಂಚಿನಲ್ಲಿ ಲೇಪ ಸ್ವಲ್ಪ ಸರಿಯಾಗಿ ಕೂರದ ಒಂದು ಹೊಸ ತವಾ ಇತ್ತು. ದೋಸೆಗಾಯಿತು ಎಂದು ಇಟ್ಟುಕೊಂಡಿದ್ದೆ. ಅತ್ತೆ ಅಂದು ಆ ತವಾ ಇಳಿಸಿಕೊಂಡಳು. ಮಗನ ಕೈಯಲ್ಲಿ ಆದ ತವಾ, ಮಗನಿಗೆ ಅದರ ಮೇಲೇ ಒಂದು ದಿನ ರೊಟ್ಟಿ ಸುಟ್ಟು ಹಾಕಬೇಕು ಎಂದು ಅವಳ ಆಸೆ. ಜೋಳದ ರೊಟ್ಟಿಗೆ ಹಂಚು ಕಾಯಬೇಕಲ್ಲ, ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ: ನೀರು ಚಿಮುಕಿಸಿದರೆ ಚುರ್ ಎಂದು ಹಾರಿಹೋಗಬೇಕು. ಅವಳು ಖಾಲಿ ತವಾ ಇಟ್ಟು, ಉರಿ ಪೂರ್ತಿ ಬಿಟ್ಟು, ನೆಲದ ಮೇಲೆ ಕೂತು ಹಿಟ್ಟು ನಾದತೊಡಗಿದಳು.

ನಾನು ಬಾಗಿಲು ತೆಗೆದಾಗ ಗಂಟಲಿಗೆ ಅಡರುವ ಒಂದು ಸುಟ್ಟ ವಾಸನೆ. ಸಾವ್ಕಾರ ಕಟ್ಟೆಯಿಂದ ಕೆಳಗೆ ಬಿದ್ದಿತ್ತು. ಬಾಯಿ ತೆರೆದಿತ್ತು, ಉಸಿರು ಎಳೆದಾಗಲೆಲ್ಲ ಬಾಲ ಮೇಲೆ ಕೆಳಗೆ ಬಡಿಯುತ್ತಿತ್ತು. ಅತ್ತೆ ಅದರ ಬಾಯಿಗೆ ನೀರು ಬಿಡುತ್ತಿದ್ದಳು. ನಾನು ಕೈಗೆತ್ತಿಕೊಂಡೆ. ನನ್ನ ಕೈಯಲ್ಲಿ ಎಂದೂ ಸುಮ್ಮನೆ ಕೂರದ ಹಕ್ಕಿ ಅಂದು ಕಚ್ಚಲಿಲ್ಲ. ಕೊಕ್ಕಿನಿಂದ ಒಂದಿಷ್ಟು ರಕ್ತ ಬಂತು, ಕುತ್ತಿಗೆ ನನ್ನ ಅಂಗೈ ಮೇಲೆ ಬಿತ್ತು. ಅಷ್ಟು ಬೇಗ ಒಂದು ಜೀವ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಏನ್ ಹಾಕಿದ್ರಿ ಅದಕ್ಕ?" ಎಂದು ಕೇಳಿದೆ.

"ಏನೂ ಹಾಕಿಲ್ಲವ್ವಾ. ರೊಟ್ಟಿ ಬಡ್ಯಾಕ ಕುಂತಿದ್ದೆ. ಧೊಪ್ ಅಂತ ಬಿತ್ತು."

ನಾನು ನಂಬಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ನೀವು ಕಾಲಿಟ್ಟ ಮನೆ ಉದ್ಧಾರವಾಯಿತು ಎಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಚನ್ನಕ್ಕ ಬಂದು ನನ್ನ ಬಾಯಿ ಮುಚ್ಚಿಸಬೇಕಾಯಿತು. ಅತ್ತೆ ಗೋಡೆಗೆ ಒರಗಿ ಕೂತಳು.

ಸಂಜೆ ಸಿದ್ರಾಮ ಬಂದ. ಹೊಸ್ತಿಲಲ್ಲೇ ನಿಂತು ಮೂಗು ಎಳೆದ. ಹಕ್ಕಿಯನ್ನು ಅವನು ಇನ್ನೂ ನೋಡಿರಲಿಲ್ಲ.

"ಇದು ನಮ್ಮ ಓವನ್ ವಾಸನಿ," ಎಂದ. "ಮನ್ಯಾಗ ಯಾಕ ಬರಾಕತ್ತೈತಿ?"

ಅವನ ಕಣ್ಣು ಒಲೆಯ ಮೇಲಿನ ತವಾ ಮೇಲೆ ಬಿತ್ತು, ಆಮೇಲೆ ನನ್ನ ಮಡಿಲಿನ ಬಟ್ಟೆಯ ಮೇಲೆ. ಬಟ್ಟೆ ಬಿಚ್ಚಿ ನೋಡಿದ. ಆ ಮನುಷ್ಯ ಅತ್ತದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು. ಮೂಗಿನ ಸಿಂಬಳವನ್ನೂ ಒರೆಸಿಕೊಳ್ಳದೆ ಮಕ್ಕಳ ಹಾಗೆ ಅತ್ತ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ನಡುಗತೊಡಗಿದಳು. ನಾನು ಅಂದದ್ದಕ್ಕೆ ನಾಟಕ ಮಾಡುತ್ತಿದ್ದಾಳೆ ಎಂದುಕೊಂಡೆ. ಮುಟ್ಟಿದರೆ ಮೈ ಕೆಂಡ. ಎದೆ ಬಿಗಿ ಹಿಡಿದಿದೆ, ಗಂಟಲು ಉರಿಯುತ್ತಿದೆ, ಚಳಿ ಎಂದಳು. ಸಿದ್ರಾಮನ ಕಂಬಳಿಯನ್ನೇ ಅವಳಿಗೆ ಹೊದಿಸಿದೆ. ಹೊದಿಸುವಾಗ ನನ್ನ ಕೈ ನಿಂತುಹೋಯಿತು. ಇದು ಅವನ ಜ್ವರ. ಅದೇ ಚಳಿ, ಅದೇ ಎದೆಬಿಗಿ. ಈ ಮುದುಕಿ ಒಂದು ಮಧ್ಯಾಹ್ನ ಕಾದ ಲೇಪದ ಹೊಗೆ ಕುಡಿದು ಹೀಗೆ ಬಿದ್ದಿದ್ದಾಳೆ, ಹಕ್ಕಿ ಸತ್ತೇ ಹೋಯಿತು, ಇವನು ದಿನವೂ ಅದೇ ಹೊಗೆಯ ಓವನ್ನಿನ ಬಾಯಲ್ಲಿ ನಿಲ್ಲುತ್ತಾನೆ. ನಾನು ಗಂಡನ ಮುಖ ನೋಡಿದೆ. ಅವನಿಗೂ ತಿಳಿದಿತ್ತು.

"ನಾಳೆ ಹೋಗಿ ಬ್ಯಾರೆ ಕಡೆ ಹಾಕ್ರಿ ಅಂತ ಕೇಳ್ರಿ," ಎಂದೆ. "ಕೇಳಲಿಲ್ಲ ಅಂದ್ರ ನಾನೇ ಬಂದು ಗೇಟಿನ ಮುಂದ ಕುಂದರ್ತೀನಿ."

ಬೆಳಿಗ್ಗೆ ಅತ್ತೆಯ ಜ್ವರ ಇಳಿದಿತ್ತು. ತಪ್ಪಾಯಿತು ಅತ್ತಿ ಎಂದೆ. ಅವಳು ನನ್ನ ಕೈ ಹಿಡಿದು, ನನ್ನದಿರಲಿ, ಅವನನ್ನು ಅಲ್ಲಿಂದ ಬಿಡಿಸು ಎಂದಳು.

ಸಿದ್ರಾಮ ಕೇಳಿದ. ಸೂಪರ್‌ವೈಸರ್ ದೇವರಾಜ್ ಗಿಳಿಯ ವಿಷಯ ಕೇಳಿ ಆಶ್ಚರ್ಯವನ್ನೇ ಪಡಲಿಲ್ಲವಂತೆ. ಅವನು ಅಂದದ್ದನ್ನು ಸಿದ್ರಾಮ ಅವನದೇ ಧಾಟಿಯಲ್ಲಿ ನನಗೆ ಹೇಳಿದ: "ಹಕ್ಕಿ ಇರೋ ಮನೇಲಿ ಖಾಲಿ ತವಾ ಕಾಯಿಸ್ತಾರೇನೋ ಗುರು? ಹಕ್ಕಿಗಳು ತಡ್ಕೊಳಲ್ಲ ಕಣೋ. ಮನುಷ್ಯರಿಗೆ ಒಂದಿನ ಜ್ವರ ಬರುತ್ತೆ, ಹೋಗುತ್ತೆ."

ಗೊತ್ತಿತ್ತು. ಅವರಿಗೆ ಮೊದಲೇ ಗೊತ್ತಿತ್ತು. ಆ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಆದರೆ ದೇವರಾಜ್ ಕೆಟ್ಟವನಲ್ಲ, ಪ್ಯಾಕಿಂಗಿಗೆ ಹಾಕುತ್ತೇನೆ ಎಂದನಂತೆ. ಒಂದೇ ಕರಾರು: ಓವನ್ ಖಾಲಿ ಬಿಡುವ ಹಾಗಿಲ್ಲ, ನಿನ್ನ ಜಾಗಕ್ಕೆ ನಿಮ್ಮ ಕಡೆಯವರನ್ನು ಯಾರನ್ನಾದರೂ ತಂದು ನಿಲ್ಲಿಸು. ಇಲ್ಲಿ ಪದ್ಧತಿಯೇ ಹಾಗೆ. ಸಿದ್ರಾಮನೂ ಹಾಗೇ ಸೇರಿದ್ದು, ಊರಿಗೆ ಹೊರಟ ಯಾರದೋ ಜಾಗಕ್ಕೆ.

ಅವನು ನನ್ನನ್ನು ಕೇಳದೆ ಭೀಮಪ್ಪನಿಗೆ ಫೋನ್ ಮಾಡಿದ. ಭೀಮಪ್ಪ ಅವನ ಚಿಕ್ಕವ್ವನ ಮಗ, ಕುಂದಲಹಳ್ಳಿಯಲ್ಲಿ ಕಟ್ಟಡದ ಕೆಲಸ ಮಾಡಿಕೊಂಡು ತಗಡಿನ ಶೆಡ್ಡಿನಲ್ಲಿ ಇದ್ದವನು. ಹೆಂಡತಿ ಬಸುರಿ, ತವರಿಗೆ ಹೋಗಿದ್ದಳು. ಮಾರನೆಯ ದಿನವೇ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಗಟ್ಟಿ ಆಳು, ನಗುಮುಖ. ಅತ್ತೆ ತಂಗಿಯ ಮಗನನ್ನು ಕಂಡು ನಗಲೂ ಇಲ್ಲ, ಅಳಲೂ ಇಲ್ಲ, ಎದ್ದು ಹೋಗಿ ಹಂಚು ಇಟ್ಟಳು.

ಊಟಕ್ಕೆ ಕೂತಾಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ನಮ್ಮ ಮನೆಯ ಗಂಡಸರು ಹೇಳುವುದಿಲ್ಲ ಎಂದು ಗೊತ್ತಿತ್ತು. ಗಿಳಿ ಸತ್ತದ್ದು, ಅತ್ತೆಗೆ ಜ್ವರ ಬಂದದ್ದು, ದೇವರಾಜ್ ಅಂದದ್ದು, ಒಂದೂ ಬಿಡಲಿಲ್ಲ. ಸಿದ್ರಾಮ ತಟ್ಟೆಯಿಂದ ತಲೆ ಎತ್ತಲಿಲ್ಲ.

ಭೀಮಪ್ಪ ನಕ್ಕ. "ಹಕ್ಕಿ ಎಷ್ಟ್ ಇರ್ತೈತ್ರಿ ವೈನಿ? ಮುಷ್ಟ್ಯಾಗ ಹಿಡೀಬೌದು. ನನ್ನ ನೋಡ್ರಿ."

"ನಗಬ್ಯಾಡ ಭೀಮಪ್ಪಾ. ನಾ ಚ್ಯಾಷ್ಟಿ ಮಾಡಾಕತ್ತಿಲ್ಲ."

"ಗೊತ್ತೈತ್ರಿ." ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಲ್ಲಿ ಹೋದ ತಿಂಗಳ ನನ್ನ ಜೋಡಿ ಇದ್ದಾಂವ ಮ್ಯಾಲಿಂದ ಬಿದ್ದ. ನನ್ನ ಮುಂದ ಬಿದ್ದ. ಇಲ್ಲಿ ನೆಲದ ಮ್ಯಾಲೆ ನಿಂತು ಮಾಡೂ ಕೆಲಸ, ತಲಿ ಮ್ಯಾಲೆ ನೆರಳೈತಿ. ಆಕಿನ್ನ ಕರ್ಕೊಂಡ್ ಬಂದು ಒಂದು ಕೋಣಿ ಮಾಡಬೌದು. ಜ್ವರ ಬಂದ್ರ ಬರ್ಲಿ ಬಿಡ್ರಿ."

ನನ್ನ ಬಾಯಿಗೆ ಊರೆಲ್ಲ ಹೆದರುತ್ತದೆ, ಆದರೆ ಅಂದು ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ, ಅಷ್ಟೇ.

ಮುಂದಿನ ಸೋಮವಾರದಿಂದ ಭೀಮಪ್ಪ ಓವನ್ನಿನ ಬಾಯಲ್ಲಿ ನಿಂತ, ಸಿದ್ರಾಮ ಒಳಗೆ ಡಬ್ಬಿಗೆ ತವಾ ತುಂಬಲು ಕೂತ. ಅತ್ತೆ ಇನ್ನು ಇಲ್ಲಿರಲಾರೆ ಎಂದು ಊರಿಗೆ ಹೊರಟಳು. ತಂಗಿಗೆ ಏನು ಹೇಳುತ್ತೀರಿ ಎಂದು ನಾನು ಕೇಳಲಿಲ್ಲ.

ವಾರ ಕಳೆಯುವುದರೊಳಗೆ ಒಂದು ಸಂಜೆ ಭೀಮಪ್ಪ ಹಲ್ಲು ಕಟಕಟಿಸುತ್ತ ಬಂದು ಗೋಡೆಯ ಬದಿ ಮುದುಡಿ ಮಲಗಿದ. ಇದ್ದ ಬದ್ದ ಹೊದಿಕೆಯೆಲ್ಲ ಹಾಕಿದರೂ ಅವನ ನಡುಕ ನಿಲ್ಲಲಿಲ್ಲ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು, ಹೆಂಡತಿಯದು. ಅವನು ಕಂಬಳಿಯೊಳಗಿಂದ ಕೈ ಚಾಚಿ ಫೋನನ್ನು ನನಗೆ ಕೊಟ್ಟ.

"ನೀವ ಮಾತಾಡ್ರಿ ವೈನಿ. ಚಲೋ ಅದಾನ, ಓಟಿಗೆ ಹೋಗ್ಯಾನ ಅಂತ ಹೇಳ್ರಿ. ದಿನ ತುಂಬ್ಯಾವ ಆಕಿಗೆ."

ನಾನು ಹಾಗೇ ಹೇಳಿದೆ. ಆಕೆ ಖುಷಿಯಿಂದ, ಕೂಸು ಹುಟ್ಟಿದ ಮೇಲೆ ತಾನೂ ಮಾಕಳಿಗೇ ಬರುತ್ತೇನೆ, ನಿಮ್ಮ ಪಕ್ಕದಲ್ಲೇ ಒಂದು ಕೋಣೆ ನೋಡಿಡಿ ಎಂದಳು. ಸಿದ್ರಾಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ, ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ. ಅವನ ಕೆಮ್ಮು ಇಳಿದಿದೆ, ಕೆನ್ನೆ ತುಂಬಿಕೊಳ್ಳುತ್ತಿದೆ. ನಾನು ಬೇಡಿಕೊಂಡದ್ದೂ ಅದನ್ನೇ. ನನ್ನ ಗಂಡನಿಗೆ ಆಮೇಲೆ ಒಂದು ದಿನವೂ ಜ್ವರ ಬಂದಿಲ್ಲ.