ಇಬ್ಬರೂ ಇದ್ದ ಭಾನುವಾರ

ನನ್ನ ಗಂಡನ ಕಣ್ಣಿಗೆ ಎಲ್ಲಿ ಹೋದರೂ ಮೊದಲು ಬೀಳುವುದು ಲಿಫ್ಟು. ಅದನ್ನು ರಿಪೇರಿ ಮಾಡುವುದೇ ಅವರ ಕಸುಬು, ಒಪ್ಪಿದೆ. ಆದರೆ ಆರು ತಿಂಗಳ ಮೇಲೆ ಇಬ್ಬರಿಗೂ ಒಂದೇ ದಿನ ರಜೆ ಸಿಕ್ಕಿ, ಮಗಳನ್ನು ಕಟ್ಟಿಕೊಂಡು ಪಾರ್ಕಿಗೆ ಹೊರಟರೆ, ಈ ಮನುಷ್ಯ ರೈಲ್ವೆ ಸ್ಟೇಷನ್ನಿನ ಲಿಫ್ಟಿನ ಗೋಡೆಗೆ ಕಿವಿ ಹಚ್ಚಿ ನಿಂತರೆ ಮೈ ಉರಿಯದೆ ಇರುತ್ತದೆಯೇ?

"ಬೇರಿಂಗ್ ಸವೆದಿದೆ ಕಣೇ. ಕೇಳಿಸ್ತಾ?"

"ಸವೀಲಿ ಬಿಡ್ರೀ. ಇವತ್ತು ಭಾನುವಾರ."

ಹಾಗಂತ ನಾನೇನು ಸುಮ್ಮನೆ ಕೂರುವವಳಲ್ಲ. ಆಸ್ಪತ್ರೆಯ ನರ್ಸು. ರೈಲು ಹತ್ತಿ ಇಳಿಯುವಷ್ಟರಲ್ಲಿ ಡೈಪರ್ ಚೀಲವನ್ನು ಮೂರು ಸಲ ತೆಗೆದು ನೋಡಿದ್ದೆ, ಮಗಳ ಹಣೆ ಐದು ಸಲ ಮುಟ್ಟಿದ್ದೆ. ರಜೆಯನ್ನು ಹೇಗೆ ಕಳೆಯಬೇಕೆಂಬುದೇ ನಮ್ಮಿಬ್ಬರಿಗೂ ಮರೆತುಹೋಗಿತ್ತು.

ಮಗಳಿಗೆ ಎರಡು ವರ್ಷ. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಬಟಾಣಿ ಎಂದು ಕರೆದದ್ದು, ಅದೇ ಉಳಿಯಿತು. ಈ ದೇಶದಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಹಾಗಾಗಿ ಅವರು ಹಗಲು ಕೆಲಸ, ನಾನು ರಾತ್ರಿ ಪಾಳಿ. ಬೆಳಿಗ್ಗೆ ನಾನು ಬಂದ ಕಾಲು ಗಂಟೆಗೆ ಅವರು ಹೊರಡಬೇಕು, ಸಂಜೆ ಅವರು ಬಂದ ಕಾಲು ಗಂಟೆಗೆ ನಾನು. ವಾರ್ಡಿನಲ್ಲಿ ರೋಗಿಯನ್ನು ಒಪ್ಪಿಸುವ ಹಾಗೆ ಬಾಗಿಲಲ್ಲೇ ಮಗುವನ್ನು ಒಪ್ಪಿಸುತ್ತೇವೆ.

"ಹಾಲು ಕುಡಿದಿದ್ದಾಳೆ, ಒಂದು ಗಂಟೆ ಮಲಗಿದ್ಲು, ಮೂಗು ಸೋರ್ತಿದೆ."

"ತಗೊಂಡೆ."

'ತಗೊಂಡೆ' ಎಂದರೆ ಮುಗಿಯಿತು, ಇನ್ನೊಬ್ಬರ ಜವಾಬ್ದಾರಿ ಕಳೆದಂತೆ. ಬಟಾಣಿಯೂ ಅದನ್ನು ಕಲಿತುಬಿಟ್ಟಿದ್ದಳು. ಹೊರಡುವವರ ಶೂ ತಂದು ಕಾಲ ಬಳಿ ಹಾಕಿ "ಟಾಟಾ" ಎನ್ನುತ್ತಿದ್ದಳು. ಅದನ್ನು ವಿಡಿಯೋ ಮಾಡಿ ಊರಿಗೆ ಕಳಿಸಿದೆವು. ನಮ್ಮತ್ತೆ ಸಿಕ್ಕಸಿಕ್ಕವರಿಗೆ ತೋರಿಸಿ, "ನಮ್ಮ ಮೊಮ್ಮಗಳು ಒಂದು ದಿನಕ್ಕೂ ಪರರ ಕೈಗೆ ಹೋಗಿಲ್ಲ" ಎಂದು ಬೀಗಿದರಂತೆ. ನಾವೂ ಬೀಗಿದ್ದೆವು, ಸುಳ್ಳೇಕೆ?

ಆದರೆ ಅವತ್ತು ನನ್ನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಮುಂದಿನ ಆರು ತಿಂಗಳೂ ರಾತ್ರಿ ಪಾಳಿಯೇ ಬೇಕೋ ಅಥವಾ ಹಗಲಿಗೆ ಬರುತ್ತೀಯೋ ಎಂದು ಆಸ್ಪತ್ರೆಯ ಮೇಟ್ರನ್ ಕೇಳಿದ್ದರು. ಅವತ್ತೇ ಉತ್ತರ ಹೇಳಬೇಕಿತ್ತು. ನನಗೆ ಹಗಲು ಬೇಕಿತ್ತು. ಮೂವರೂ ಒಟ್ಟಿಗೆ ಕೂತು ಊಟ ಮಾಡಿ ಎಷ್ಟು ಕಾಲವಾಗಿತ್ತೋ! ಆದರೆ ಹಗಲು ಅಂದರೆ ಬಟಾಣಿ ಶಿಶುವಿಹಾರಕ್ಕೆ. ನಮ್ಮ ಭಾಷೆಯ ಗಂಧವೇ ಇಲ್ಲದವರ ಕೈಗೆ ಕೂಸನ್ನು ಕೊಡಲು ಇಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ.

ಪಾರ್ಕಿನಲ್ಲಿ ಕೊಳದ ಹತ್ತಿರ ಜಮಖಾನ ಹಾಸಿ, ಶೂ ಬಿಚ್ಚಿ ಕೂತೆವು. ಬಟಾಣಿ ಬಾತುಕೋಳಿಯನ್ನು ನೋಡಲಿಲ್ಲ. ಉಯ್ಯಾಲೆಯಲ್ಲಿ ಕೂರಿಸಿದರೆ ಊರು ಒಂದಾಗುವ ಹಾಗೆ ಅತ್ತಳು. ಆಮೇಲೆ ಅಪ್ಪನ ಶೂ ಎತ್ತಿ ತಂದು ಅವರ ತೊಡೆಯ ಮೇಲೆ ಇಟ್ಟಳು.

"ಟಾಟಾ."

"ಇವತ್ತು ಎಲ್ಲೂ ಹೋಗಲ್ಲ ಮಗಳೇ," ಎಂದು ಅವರು ಶೂ ಬದಿಗಿಟ್ಟು, ಕೊಳದ ಕಾರಂಜಿಯ ಮೋಟಾರು ಎಲ್ಲಿರಬಹುದೆಂದು ಮತ್ತೆ ಕತ್ತು ಉದ್ದ ಮಾಡಿದರು. ಅವಳು ನನ್ನ ಶೂ ತಂದಳು. ನಾನೂ ಬದಿಗಿಟ್ಟೆ. ಮತ್ತೆ ಅಪ್ಪನದು, ಮತ್ತೆ ನನ್ನದು.

"ಸುಮ್ನೆ ಆಟ ಆಡ್ಕೋ ಹೋಗೇ!" ಎಂದು ಗದರಿದೆ. ಇಷ್ಟು ದೂರ ಬಂದದ್ದು ಇದಕ್ಕೇನಾ ಎಂದು ಸಿಟ್ಟು ಬಂದಿತ್ತು.

ಆಗಲೇ ಮೇಟ್ರನ್ ಫೋನು. "ನೋಡ್ಕೊಳ್ಳಿ" ಎಂದು ಗಂಡನಿಗೆ ಹೇಳಿ, ಕೈಚೀಲವನ್ನು ಜಮಖಾನದ ಮೇಲೆ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋದೆ. ಹೆಸರು ರಾತ್ರಿಗೆ ಬರೆಯಲೇ ಎಂದು ಆಕೆ, ಸ್ವಲ್ಪ ಹೊತ್ತು ಕೊಡಿ ಎಂದು ನಾನು. ಮಾತಿನ ನಡುವೆ ಬಟಾಣಿ ನನ್ನತ್ತ ಕೈ ಬೀಸಿದಳು. ನಾನೂ ಬೀಸಿದೆ.

ಫೋನಿಟ್ಟು ತಿರುಗಿದರೆ ಜಮಖಾನದ ಮೇಲೆ ಶೂಗಳು ಮಾತ್ರ. ಗಂಡ ಕಾರಂಜಿಯ ಬಳಿ ಬಗ್ಗಿ ನಿಂತಿದ್ದರು.

"ಬಟಾಣಿ ಎಲ್ರೀ?"

"ನಿನ್ ಹತ್ರ ಇದ್ಲಲ್ಲ?"

"ನೋಡ್ಕೊಳ್ಳಿ ಅಂದೆನಲ್ರೀ!"

"ನಾನು ತಗೊಂಡೆ ಅಂದ್ನೇನೇ?"

ಅಂದಿರಲಿಲ್ಲ. ಮನೆಯಲ್ಲಿ ಆ ಮಾತು ಕೇಳದೆ ಹೊಸ್ತಿಲು ದಾಟದವಳು ನಾನು. ಎದುರಿಗೆ ಅವಳಿದ್ದಾಳಲ್ಲ, ಪಾಳಿ ಅವಳದೇ ಎಂದು ಅವರು. ಅವರಿದ್ದಾರಲ್ಲ ಎಂದು ನಾನು. ಒಬ್ಬೊಬ್ಬರೇ ಇದ್ದ ಎರಡು ವರ್ಷದಲ್ಲಿ ಒಂದು ನಿಮಿಷವೂ ಕಣ್ಣು ತಪ್ಪದ ಮಗು, ಇಬ್ಬರೂ ಇದ್ದ ದಿನ ಕಾಣೆಯಾಗಿತ್ತು.

ಅವರು ಕೊಳಕ್ಕೆ ಇಳಿದೇಬಿಟ್ಟರು. ಮೊಣಕಾಲುದ್ದದ ನೀರಿನಲ್ಲಿ ಕೈಯಾಡಿಸತೊಡಗಿದರು. ನಾನು ಬರಿಗಾಲಲ್ಲಿ ಗೇಟಿನ ಕಡೆ ಓಡಿದೆ. ಎಷ್ಟೋ ಜನರ ಪ್ರಾಣ ಹೋಗುವುದನ್ನು ಕಲ್ಲಿನ ಹಾಗೆ ನಿಂತು ನೋಡಿದವಳು, ದಾರಿಯುದ್ದಕ್ಕೂ ಮಗಳ ಹೆಸರು ಹಿಡಿದು ಚೀರಿದೆ.

ಗೇಟಿನಲ್ಲಿ ಟಿಕೆಟ್ ಹರಿಯುವ ಹೆಂಗಸಿನ ಪಕ್ಕ ಬಟಾಣಿ ನಿಂತಿದ್ದಳು. ನನ್ನ ಕೈಚೀಲ ಅವಳ ಹೆಗಲಿನಿಂದ ನೆಲದವರೆಗೆ ಜೋತುಬಿದ್ದಿತ್ತು. ಸಾಲು ಬೆಳೆದು ಜನ ಗೊಣಗುತ್ತಿದ್ದರೂ ಆ ಹೆಂಗಸು ಒಂದೇ ಕೈಯಲ್ಲಿ ಟಿಕೆಟ್ ಹಿಡಿದು, ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಳು. ಇನ್ನೊಂದು ಕೈ ಬಟಾಣಿಯ ಮುಂಗೈಯನ್ನು ಬಿಟ್ಟಿರಲಿಲ್ಲ.

ನನಗೆ ಅರ್ಧಂಬರ್ಧ ಬರುವ ಅವರ ಭಾಷೆಯಲ್ಲಿ ಆಕೆ ಹೇಳಿದಳು: "ಅಳಲಿಲ್ಲಮ್ಮ. ಹಿಂದಕ್ಕೆ ತಿರುಗಿ ತಿರುಗಿ ಕೈ ಬೀಸುತ್ತಾ ಬಂತು. ಕೆಲಸಕ್ಕೆ ಹೊರಟವರ ಹಾಗೆ."

ಆಗ ನನಗೆ ಅರ್ಥವಾಯಿತು. ಅಪ್ಪ ಅಮ್ಮ ಇಬ್ಬರೂ ಎದುರಿಗಿದ್ದರೆ ಒಬ್ಬರು ಹೋಗಲೇಬೇಕು. ಅವಳು ಹುಟ್ಟಿದಾಗಿನಿಂದ ನಾವು ಕಲಿಸಿದ್ದು ಅದೊಂದೇ. ಶೂ ತಂದುಕೊಟ್ಟರೂ ಅಪ್ಪ ಹೋಗಲಿಲ್ಲ, ಅಮ್ಮ ಹೋಗಲಿಲ್ಲ. ಉಳಿದವಳು ತಾನೇ. ಚೀಲ ಹಾಕಿಕೊಂಡು, ಟಾಟಾ ಹೇಳಿ ಹೊರಟಿದ್ದಳು. ನಾನು ಕೈ ಬೀಸಿ ಕಳಿಸಿದ್ದೆ.

ಒದ್ದೆ ಪ್ಯಾಂಟಿನಲ್ಲಿ ಗಂಡ ಓಡಿ ಬಂದರು. ಮಗಳನ್ನು ಬಾಚಿ ತಬ್ಬಿಕೊಂಡು, ಗಂಡಸು ಅನ್ನುವುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತರು. ನಾನು ಆ ಹೆಂಗಸಿನ ಕೈ ಹಿಡಿದುಕೊಂಡೆ. ಅವಳ ಭಾಷೆಯಲ್ಲಿ ಥ್ಯಾಂಕ್ಸ್, ಥ್ಯಾಂಕ್ಸ್ ಎಂದು ಅದೊಂದನ್ನೇ ಹೇಳಿದೆ. ಪರರ ಕೈ ಎಂದು ಹೆದರಿದ್ದೆನಲ್ಲ, ನನ್ನ ಮಗಳು ಸಿಕ್ಕಿದ್ದು ಆ ಕೈಯಲ್ಲಿ.

ಅಲ್ಲೇ ನಿಂತು ಮೇಟ್ರನ್‌ಗೆ ಫೋನ್ ಮಾಡಿದೆ. "ರಾತ್ರಿ ಬೇಡ. ಹಗಲಿಗೆ ಬರೀರಿ."

ಗಂಡ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. "ಬಟಾಣಿ?"

"ಶಿಶುವಿಹಾರಕ್ಕೆ. ಸಂಜೆ ಇಬ್ಬರೂ ಹೋಗಿ ಕರ್ಕೊಂಡು ಬರೋಣ."

ಅವರು ಹೂಂ ಎಂದು ಮಗಳನ್ನು ಎತ್ತಿಕೊಂಡರು.

ವಾಪಸು ಬರುವಾಗ ರೈಲಿನಲ್ಲಿ ಬಟಾಣಿಯನ್ನು ನಡುವೆ ಕೂರಿಸಿಕೊಂಡೆವು. ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಟಾಟಾ?"

"ಯಾರೂ ಹೋಗಲ್ಲ ಕಂದ," ಎಂದೆ.

ನಂಬಲಿಲ್ಲ. ಪ್ರತಿ ಸ್ಟೇಷನ್ ಬಂದಾಗಲೂ ನಮ್ಮಿಬ್ಬರ ಕಾಲುಗಳನ್ನು ನೋಡುತ್ತಿದ್ದಳು. ಮನೆ ಮುಟ್ಟುವವರೆಗೂ ಹೆಗಲಿನ ಚೀಲ ಇಳಿಸಲು ಬಿಡಲಿಲ್ಲ.