ಮುಸ್ಸಂಜೆ ಮೇಷ್ಟ್ರ ಹಳದಿ

ಪದವಿಗೆ ಕಲಾ ಇತಿಹಾಸ ತಗೊಳ್ತೀನಿ ಅಂದಾಗ ಅಪ್ಪ ಯಾರದೋ ಮನೆಯ ಕುರ್ಚಿಯ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಚಿತ್ರ ಬರೆಯೋದು ಕಲಿಸ್ತಾರಾ?"

"ಇಲ್ಲಪ್ಪ. ಬರೆದಿರೋದನ್ನ ನೋಡೋದು ಕಲಿಸ್ತಾರೆ."

"ನೋಡೋಕೆ ಮೂರು ವರ್ಷಾನಾ? ಕಣ್ಣು ನೆಟ್ಟಗಿದೆ ತಾನೇ ನಿಂಗೆ?"

ನನಗೆ ಮೈಯೆಲ್ಲ ಉರಿಯಿತು. ಪಾಲಿಷ್ ಡಬ್ಬಿ ಹಿಡಿದು ಮನೆಮನೆ ತಿರುಗುವ ಮನುಷ್ಯನಿಗೆ ಇದೆಲ್ಲ ಏನು ಗೊತ್ತು ಅಂದುಕೊಂಡೆ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ "ನಮ್ಮಪ್ಪಂದು ಫರ್ನಿಚರ್ ಬಿಸಿನೆಸ್" ಅನ್ನುತ್ತಿದ್ದೆ.

ತರಗತಿಯಲ್ಲಿ ನಾವು ಹನ್ನೊಂದು ಜನ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಹಿಂದಿನ ಬ್ಯಾಚಿನವರು ಇಟ್ಟ ಹೆಸರು ಮುಸ್ಸಂಜೆ ಮೇಷ್ಟ್ರು. ವಿಭಾಗದ ಹಾಲಿನಲ್ಲಿ ಒಂದು ದೊಡ್ಡ ಹಳೆಯ ಚಿತ್ರ ತೂಗುಹಾಕಿದ್ದರು. ನದಿ, ದಡದ ಮೆಟ್ಟಿಲುಗಳು, ಮೇಲೆ ಹಳದಿ ಆಕಾಶ, ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಒಬ್ಬ ಹೆಂಗಸು. ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಅದರ ಕೆಳಗೆ ನಿಂತು ಹೊಟ್ಟೆ ಹೊರೆದುಕೊಂಡಿದ್ದರು. "ಇದು ಬರೀ ಸಂಜೆಯಲ್ಲ, ಒಂದು ಯುಗದ ಮುಸ್ಸಂಜೆ. ಈ ಹೆಂಗಸಿನ ಅಳುವಿಗೆ ದನಿಯಿಲ್ಲ" ಅನ್ನುತ್ತ ಕಣ್ಣು ಮುಚ್ಚುತ್ತಿದ್ದರು. ಚಿತ್ರದ ಮುಂದೆ ನಿಂತಾಗಲೆಲ್ಲ ಕಣ್ಣು ಮುಚ್ಚುವ ಕಲಾ ವಿಮರ್ಶಕರು ಅವರೊಬ್ಬರೇ ಇರಬೇಕು. ನಾವು ಹನ್ನೊಂದು ಕುರಿಗಳು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದೆವು. ನಾನಂತೂ ವಿಷಾದ ಅನ್ನುವ ಪದ ಕಲಿತ ಮೇಲೆ ಬಸ್ಸು ತಪ್ಪಿದರೂ ವಿಷಾದ ಅನ್ನತೊಡಗಿದ್ದೆ.

ಎರಡನೇ ವರ್ಷ ಹಾಲಿನ ಉದ್ದನೆಯ ಮೇಜು, ಬೀರುಗಳಿಗೆಲ್ಲ ಪಾಲಿಷ್ ಮಾಡಿಸಲು ಕಾಲೇಜಿನವರು ಆಳು ಕರೆಸಿದರು. ನಾವು ಪಾಠಕ್ಕೆ ಒಳಗೆ ಹೋದಾಗ ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದವರು ಅಪ್ಪ. ಅವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರಿಗೆ ಅರ್ಥವಾಯಿತು, ಮತ್ತೆ ನನ್ನ ಕಡೆ ನೋಡಲಿಲ್ಲ.

ಮೇಷ್ಟ್ರು ಎಂದಿನಂತೆ ಯುಗದ ಮುಸ್ಸಂಜೆಗೆ ಬಂದರು. ಅಷ್ಟರಲ್ಲಿ ಅಪ್ಪ ಬಟ್ಟೆಗೆ ಕೈ ಒರೆಸುತ್ತ ಎದ್ದು ನಿಂತರು. ಅವರಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತೆ.

"ಸಾರ್, ತಪ್ಪು ತಿಳ್ಕೋಬೇಡಿ. ಅದು ಸಂಜೆ ಅಲ್ಲ. ಮೇಲೆ ಹೊಡೆದಿರೋ ವಾರ್ನಿಷ್ ಹಳೇದಾಗಿ ಹಳದಿಗೆ ತಿರುಗಿದೆ. ತೆಗೆಸಿ ನೋಡಿ, ಒಳಗಡೆ ಬೇರೆ ಬಣ್ಣ ಇರತ್ತೆ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನಮ್ಮ ಕಡೆ ತಿರುಗಿದರು. "ನೋಡಿ, ಇವರ ಪಾಲಿಗೆ ಇದೂ ಒಂದು ಬೀರುವಿನ ಬಾಗಿಲು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಮ್ಮನೆ ತುಟಿ ಬಿಚ್ಚಿದ್ದಲ್ಲ, ಗಟ್ಟಿಯಾಗಿಯೇ ನಕ್ಕೆ.

ಮನೆಯಲ್ಲಿ ಅಪ್ಪ ಬೈಯುತ್ತಾರೆ ಅಂತ ಕಾದೆ. "ನಿಮ್ಮ ಮೇಷ್ಟ್ರು ಚೆನ್ನಾಗಿ ಮಾತಾಡ್ತಾರೆ" ಅಂದರು, ಅಷ್ಟೇ.

ಮೂರನೇ ವರ್ಷ ಗೋಡೆಯ ತೇವಕ್ಕೆ ಚಿತ್ರದ ಒಂದು ಮೂಲೆ ಉಬ್ಬಿತು. ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಒಬ್ಬ ಗಿಡ್ಡನೆಯ ಹೆಂಗಸನ್ನು ಕರೆಸಿದರು. ಹಣೆಯ ಮೇಲೆ ಕನ್ನಡಕ, ಬಾಯಲ್ಲಿ ಮಾತು ಕಡಿಮೆ. ಕಡ್ಡಿಗೆ ಹತ್ತಿ ಸುತ್ತಿ, ಏನೋ ದ್ರವದಲ್ಲಿ ಅದ್ದಿ, ಆಕಾಶದ ಮೇಲೆ ಮೆಲ್ಲಗೆ ಉರುಳಿಸಿದರು. ಹತ್ತಿ ಕಂದಾಯಿತು. ಉರುಳಿಸಿದ ಜಾಗದಲ್ಲಿ ಉಗುರಿನಷ್ಟು ನೀಲಿ ಕಂಡಿತು.

ಮೂರು ವಾರದಲ್ಲಿ ಯುಗದ ಮುಸ್ಸಂಜೆ ಪೂರ್ತಿ ಹೋಯಿತು. ಅದು ನಟ್ಟನಡು ಮಧ್ಯಾಹ್ನ. ದನಿಯಿಲ್ಲದೆ ಅಳುತ್ತಿದ್ದ ಹೆಂಗಸಿನ ಮಡಿಲಲ್ಲಿ ಮಸಿ ಹಿಡಿದ ಒಂದು ಪಾತ್ರೆ ಕಾಣಿಸಿತು. ಆಕೆ ಅದನ್ನು ತಿಕ್ಕುತ್ತಿದ್ದಳು.

ಮೇಷ್ಟ್ರು ಒಂದು ವಾರ ರಜೆ ಹಾಕಿದರು. ನಾಚಿಕೆಯಾಗಿರಬೇಕು ಅಂದುಕೊಂಡಿದ್ದೆ. ನಾಚಿಕೆ ಪಡುವ ಜನ ಬೇರೆ ಇರುತ್ತಾರೆ. ಅವರು ಹೊಸ ಉಪನ್ಯಾಸ ಬರೆದುಕೊಂಡು ಬಂದರು. "ಈ ನೀಲಿಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು" ಅಂತ ಶುರುಮಾಡಿ, ಮಧ್ಯಾಹ್ನದ ಕ್ರೂರ ಬೆಳಕು, ದುಡಿಮೆಯ ಮೂಕ ರೋದನ ಅಂತೆಲ್ಲ ಹೇಳಿ ಕಣ್ಣು ಮುಚ್ಚಿದರು. ಹಳೇ ವಿಷಾದವನ್ನೇ ಸಂಜೆಯಿಂದ ಎತ್ತಿ ಮಧ್ಯಾಹ್ನಕ್ಕೆ ಇಟ್ಟಿದ್ದರು. ಹತ್ತು ಪೆನ್ನುಗಳು ಓಡುತ್ತಿದ್ದವು.

ನಾನು ಎದ್ದು ನಿಂತೆ. "ಸಾರ್, ಪಾಲಿಷ್‌ಗೆ ಬಂದಿದ್ದವರು ಹೋದ ವರ್ಷವೇ ಇದನ್ನ ಹೇಳಿದ್ರು. ನೀವು ಗೇಲಿ ಮಾಡಿದ್ರಿ."

"ಯಾರು? ನೆನಪಿಲ್ಲ."

"ನಮ್ಮಪ್ಪ. ಆವತ್ತು ನಾನೂ ನಕ್ಕಿದ್ದೆ."

ಪೆನ್ನುಗಳು ನಿಂತವು. ಮೇಷ್ಟ್ರು ಕರುಣೆಯಿಂದ ನನ್ನನ್ನು ನೋಡಿದರು. "ನಿನ್ನ ಭಾವನೆ ಅರ್ಥ ಆಗತ್ತಮ್ಮ. ಆದ್ರೆ ಊಹೆ ಬೇರೆ, ವಿದ್ವತ್ತು ಬೇರೆ."

"ಹೌದು ಸಾರ್. ಊಹೆ ನಿಜ ಆಯ್ತು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಯ ಪ್ರಬಂಧಕ್ಕೆ ನನಗೆ ಸಿಕ್ಕಿದ್ದು ಪಾಸಾಗುವಷ್ಟೇ ಅಂಕ.

ಮೇಷ್ಟ್ರಿಗೆ ಎದುರಾಡಿದ ದಿನ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿ, "ನಾನೂ ನಕ್ಕಿದ್ದೆ ಅಪ್ಪ" ಅಂದೆ.

"ಗೊತ್ತು. ಹನ್ನೊಂದು ಜನ ನಕ್ಕರೂ ನಿನ್ನ ನಗು ನಂಗೆ ಗೊತ್ತಾಗಲ್ವಾ?" ಅಂದು ಅನ್ನ ಕಲಸುತ್ತಲೇ ಇದ್ದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನ್ನ ಮೇಲೆ ನನಗೇ ಇನ್ನೂ ಹೇಸಿಗೆಯಾಗುತ್ತಿತ್ತು.

ಪದವಿ ಪತ್ರ ಕೊಡುವ ದಿನ ಅಪ್ಪನನ್ನು ಕರೆದುಕೊಂಡು ಹೋಗಿ ತರಗತಿಯ ಒಬ್ಬೊಬ್ಬರಿಗೂ "ನಮ್ಮಪ್ಪ, ಪಾಲಿಷ್ ಕೆಲಸ" ಅಂತ ಪರಿಚಯ ಮಾಡಿಸಿದೆ. ಮೇಷ್ಟ್ರು ದೂರದಿಂದಲೇ ಕೈಮುಗಿದು ಅವಸರವಾಗಿ ಹೊರಟುಹೋದರು. ಅಪ್ಪ ಚಿತ್ರದ ಮುಂದೆ ನಿಂತು, ತಲೆ ಓರೆಮಾಡಿ, ಮೇಲಿನ ಹೊಳಪು ಕಾಣುವಂತೆ ಪಕ್ಕದಿಂದ ನೋಡಿದರು.

"ಹೊಸ ವಾರ್ನಿಷ್ ಎಡಗಡೆ ಮೂಲೇಲಿ ಸರಿಯಾಗಿ ಕೂತಿಲ್ಲ. ಬ್ರಷ್ಷಿನ ಗೆರೆ ಕಾಣ್ತಿದೆ. ಯಾರೋ ಅವಸರದವರು ಮಾಡಿದ್ದು."

ಚಿತ್ರ ರಿಪೇರಿ ಮಾಡಿದ್ದ ಗಿಡ್ಡನೆಯ ಹೆಂಗಸನ್ನೂ ಕಾಲೇಜಿನವರು ಆ ದಿನ ಕರೆದಿದ್ದರು. ಪಕ್ಕದಲ್ಲೇ ನಿಂತಿದ್ದ ಅವರು ಕನ್ನಡಕವನ್ನು ಹಣೆಯಿಂದ ಇಳಿಸಿ ಬಗ್ಗಿ ನೋಡಿದರು. "ಹೌದು, ನಂದೇ ತಪ್ಪು. ಆವತ್ತು ಅವಸರ ಮಾಡ್ದೆ" ಅಂದರು.

ಮೂರು ವರ್ಷದಲ್ಲಿ ಆ ಹಾಲಿನೊಳಗೆ ಒಬ್ಬರು ತಪ್ಪಾಯಿತು ಅಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾರನೆಯ ವಾರ ಅವರ ಹತ್ತಿರ ಕೆಲಸಕ್ಕೆ ಸೇರಿದೆ. ಆರು ತಿಂಗಳು ಅವರು ನನಗೆ ಕಡ್ಡಿಗೆ ಹತ್ತಿ ಸುತ್ತುವ ಕೆಲಸ ಬಿಟ್ಟು ಬೇರೇನೂ ಕೊಡಲಿಲ್ಲ.