ಹುಳುಮನೆಯಲ್ಲಿ ಏಳು ವರ್ಷ

“ಏಯ್ ಗೊಡ್ರಾಲಾ! ಹಣ್ಣುಳಕ್ಕೆ ಕೈ ಇಕ್ಕಿದ್ರೆ ಕೈ ಮುರಿತೀನಿ. ಎದ್ದು ಆಚೆ ನಡಿಯೇ!”

ಶಾಮಲಮ್ಮನ ಕೂಗಿಗೆ ಹುಳುಮನೆಯಲ್ಲಿದ್ದ ಕೂಲಿ ಹೆಂಗಸರೆಲ್ಲ ತಲೆ ಎತ್ತಿದರು. ಗಂಗಾಲಕ್ಷ್ಮಿಯ ಬೊಗಸೆಯಲ್ಲಿ ಹತ್ತು ಹನ್ನೆರಡು ರೇಷ್ಮೆಹುಳ ಇದ್ದವು. ಹಣ್ಣಾಗಿ ಹಳದಿಗೆ ತಿರುಗಿದ ಹುಳ. ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತವೆ, ತಡ ಮಾಡಿದರೆ ನೂಲು ನೆಲದ ಪಾಲು. ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಹುತ್ತೂರಿನಲ್ಲೇ ಇರಲಿಲ್ಲ.

“ಅಮ್ಮಾ, ಏಳು ವರ್ಷದಿಂದ ನಾನೇ ಅಲ್ವಾ ಆರಿಸ್ತಿದ್ದಿದ್ದು?”

“ಅವಾಗ ಗೊತ್ತಿರ್ಲಿಲ್ಲ. ಈಗ ದೊಡ್ಡಾಸ್ಪತ್ರೇವ್ರೇ ಬರ್ಕೊಟ್ಟವ್ರಲ್ಲ. ಗೊಡ್ಡು ಮುಂಡೆ ಕೈಯಾಗೆ ಹುಳ ಗೂಡು ಕಟ್ತದಾ? ಹೋಗಿ ಸೊಪ್ಪಿನ ಕಡ್ಡಿ ಗುಡಿಸು.”

ಗಂಗಾಲಕ್ಷ್ಮಿ ಹುಳಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟು ಆಚೆ ಬಂದಳು.

ಎರಡು ತಿಂಗಳ ಹಿಂದೆ ಅವಳು ಸೊಪ್ಪಿನ ಹೊಲದಲ್ಲೇ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು. ಗಂಡ ಕದಿರೇಶ ಟೊಮೆಟೊ ಟೆಂಪೋದಲ್ಲಿ ಹಾಕಿಕೊಂಡು ಕೋಲಾರಕ್ಕೆ ಓಡಿದ್ದ. ಒಳಗೆ ರಕ್ತ ಕಟ್ಟಿ ಗಡ್ಡೆಯಾಗಿದೆ ಎಂದು ಒಂದು ಕಡೆಯ ಅಂಡಾಶಯವನ್ನೇ ತೆಗೆದರು. ಇನ್ನೊಂದು ಕಡೆ ನಾಳ ಅಂಟಿಕೊಂಡು ಮುಚ್ಚಿಹೋಗಿತ್ತು. “ಮೂರ್ನಾಲ್ಕು ವರ್ಷ ಮುಂಚೆ ಬರೋದಲ್ವೇನಮ್ಮ? ಇನ್ನು ಮಗು ಆಗೋದು ಕಷ್ಟ” ಎಂದಿದ್ದರು ಅಲ್ಲಿನ ಡಾಕ್ಟರಮ್ಮ.

ಕಡ್ಡಿ ಗುಡಿಸುತ್ತಿದ್ದವಳ ಹತ್ತಿರ ಶಾಮಲಮ್ಮನ ಸೊಸೆ ಚೈತನ್ಯ ಬಂದಳು. ಕೂಲಿಯವರಿಗೆಂದು ಕಾಂಪೌಂಡಿನ ಮೇಲೆ ಬೋರಲು ಹಾಕಿದ್ದ ಲೋಟವನ್ನು ಗಂಗಾಲಕ್ಷ್ಮಿ ಎತ್ತಿ ಹಿಡಿದಾಗ ಅದಕ್ಕೆ ಮೇಲಿನಿಂದ ಕಾಫಿ ಸುರಿದಳು. ಐದು ತಿಂಗಳ ಹೊಟ್ಟೆ. ಸೆರಗಿನಲ್ಲಿ ಮುಚ್ಚಿದರೂ ಕಾಣುತ್ತಿತ್ತು.

“ಅತ್ತೆ ಮಾತಿಗೆ ಬೇಜಾರ್ ಮಾಡ್ಕೋಬೇಡ ಗಂಗಾ. ನಂಗೂ ನಿಂದೇ ಕಾಯಿಲೆ ಕಣೇ. ಮುರಳಿಮಾವ ಒಂದೇ ಸಲಕ್ಕೆ ಸ್ಕ್ಯಾನ್ ಬರೆದ್ರು. ತಿಂಗಳೊಳಗೆ ಬೆಂಗಳೂರಲ್ಲಿ ಆಪರೇಷನ್ ಆಯ್ತು. ನೀನು ಅವ್ರ ಹತ್ರಾನೇ ಹೋಗ್ಬೇಕಿತ್ತು.”

“ಅವ್ರ ಹತ್ರಾನೇ ಹೋಗಿದ್ದು ಚೈತನ್ಯಮ್ಮಾ. ಏಳು ವರ್ಷ.”

ಚೈತನ್ಯಳ ಮುಖ ಸಪ್ಪಗಾಯಿತು. ಪಾಪದ ಹುಡುಗಿ, ಕೆಟ್ಟವಳಲ್ಲ. ಆದರೆ ಗಂಗಾಲಕ್ಷ್ಮಿಗೆ ಆ ಗಳಿಗೆಯಲ್ಲಿ ಅವಳಷ್ಟು ಕೆಟ್ಟವಳು ಭೂಮಿಯ ಮೇಲೆ ಇರಲಿಲ್ಲ. ಅದೇ ಕಾಯಿಲೆ, ಅದೇ ಡಾಕ್ಟರು, ಇವಳಿಗೆ ಹೊಟ್ಟೆ, ನನಗೆ ಹೊಲಿಗೆ. ಆ ಹೊಟ್ಟೆ ಇಳಿದುಹೋಗಲಿ ಎಂದು ಮನಸ್ಸು ಬಯಸಿತು. ಬಯಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಆಮೇಲೆ ಜನ ಏನೇನೋ ಹೇಳಿದರು, ಯಾರೋ ಸಂಘದವರು ಚಿತಾಯಿಸಿದರು ಅಂತ. ಸುಳ್ಳು. ಗಂಗಾಲಕ್ಷ್ಮಿ ಗ್ರಾಹಕರ ಕೋರ್ಟಿನಲ್ಲಿ ಡಾಕ್ಟರ್ ಮುರಳಿಮೋಹನನ ಮೇಲೆ ಕೇಸು ಹಾಕಿದ್ದು ಶುದ್ಧ ಹೊಟ್ಟೆಕಿಚ್ಚಿಗೆ. ಅವನು ಶಾಮಲಮ್ಮನ ಸ್ವಂತ ತಮ್ಮ. ನೋಟಿಸು ಹೋದ ದಿನವೇ ಅವಳ ಕೂಲಿ ಕೆಲಸವೂ ಹೋಯಿತು.

ಕೋಲಾರದಲ್ಲಿ ವಕೀಲ ಅಮರನಾಥ್ ಎದುರು ಪಕ್ಷದ ಉತ್ತರ ಓದಿ ಕನ್ನಡಕ ತೆಗೆದಿಟ್ಟರು.

“ಅವ್ರ ವಾದ ಇಷ್ಟೇನಮ್ಮ. ಮುಟ್ಟಿನ ಟೈಮಲ್ಲಿ ನೋವು ಬರ್ತದೆ ಅಂತ ನೀನು ಒಂದು ಸಲಾನೂ ಹೇಳಿಲ್ವಂತೆ. ಬರೀ ಹೊಟ್ಟೆನೋವು ಅಂದ್ಯಂತೆ. ನಿಜವಾ?”

“ನಿಜ ಸಾರ್. ಆ ಯಪ್ಪನೂ ಕೇಳ್ಲಿಲ್ಲ. ಮುಖಾನೇ ನೋಡ್ತಿರ್ಲಿಲ್ಲ. ಏನು, ಮತ್ತೆ ಗ್ಯಾಸಾ, ಖಾರ ಕಮ್ಮಿ ತಿನ್ನು ಅನ್ನೋನು. ಸೂಜಿ ಹಾಕೋ ವೆಂಕಟ ಅನ್ನೋನು.”

“ಅವ್ರು ಕೇಳ್ಲಿಲ್ಲ, ಸರಿ. ನೀನ್ಯಾಕೆ ಹೇಳ್ಲಿಲ್ಲ?”

ಗಂಗಾಲಕ್ಷ್ಮಿ ನೆಲ ನೋಡುತ್ತಲೇ ಒಂದೊಂದಾಗಿ ಹೇಳಿದಳು. ಕಾಂಪೌಂಡರ್ ವೆಂಕಟ್ ಅವಳದೇ ಊರಿನವನು. ಬಾಗಿಲಲ್ಲಿ ಕೂತು ಹೆಸರು, ಕಾಯಿಲೆ ಬರೆದುಕೊಳ್ಳುವವನು ಅವನೇ, ಸಂಜೆ ಊರಿಗೆ ಸುದ್ದಿ ಹಂಚುವವನೂ ಅವನೇ. ಮುಟ್ಟಾದವಳು ಹುಳುಮನೆಯ ಹೊಸಿಲು ದಾಟಿದರೆ ಹುಳಕ್ಕೆ ರೋಗ ಎನ್ನುವ ಊರು ಅದು. ನಾಲ್ಕು ದಿನ ಆಚೆ ಕೂತರೆ ನಾಲ್ಕು ದಿನದ ಹಿಟ್ಟಿಗೆ ಕಲ್ಲು. ಅದಕ್ಕೇ ಅವಳು ಮುಟ್ಟನ್ನು ಮುಚ್ಚಿಟ್ಟು, ಹಲ್ಲು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ನೋವು ತಡೆಯದಾದಾಗ ಅರ್ಧ ದಿನ ಬಿಟ್ಟು ಡಾಕ್ಟರ ಹತ್ತಿರ ಓಡುತ್ತಿದ್ದಳು. ವೆಂಕಟನ ಮುಂದೆ ಇವತ್ತು ಮುಟ್ಟು ಅಂದರೆ ಬೆಳಿಗ್ಗೆ ಎಲ್ಲಿದ್ದೆ ಎಂದು ಕೇಳುವುದಿಲ್ಲವೇ?

ಒಂದು ಸಲ ಸುಣ್ಣಕಟ್ಟು ರೋಗ ಬಂದು ಹುಳವೆಲ್ಲ ಬೆಳ್ಳಗೆ ಬಿರುಸಾಗಿ ಸತ್ತಾಗ ಶಾಮಲಮ್ಮನ ಗಂಡ ಕೋದಂಡರಾಮಪ್ಪ ಕೂಲಿ ಹೆಂಗಸರನ್ನು ಗುಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ. “ಯಾವಳೇ ಅವಳು ಮೈಲಿಗೆ ಮುಂಡೆ? ಕರ್ಪೂರ ಮುಟ್ಟಿ ಆಣೆ ಇಕ್ರೇ!” ಗಂಗಾಲಕ್ಷ್ಮಿಯೂ ಆಣೆ ಇಟ್ಟಿದ್ದಳು, ಸುಳ್ಳು ಆಣೆ. ಮಗು ಆಗದಿದ್ದಾಗಲೆಲ್ಲ ಆ ಕರ್ಪೂರವೇ ಕಣ್ಣಿಗೆ ಬರುತ್ತಿತ್ತು.

ಎಲ್ಲ ಕೇಳಿದ ಅಮರನಾಥ್ ನಿಧಾನವಾಗಿ ಹೇಳಿದರು. “ಇದನ್ನ ಪ್ರಮಾಣಪತ್ರದಲ್ಲಿ ಬರೆದ್ರೆ ಕೇಸು ಗಟ್ಟಿಯಾಗಿ ನಿಲ್ತದೆ. ಆದ್ರೆ ಅದು ಅವ್ರ ಕೈಗೂ ಹೋಗ್ತದೆ. ಊರಲ್ಲಿ ಬಾಳೋಳು ನೀನು. ಯೋಚ್ನೆ ಮಾಡಿ ಬಾ.”

ಅವಳು ಯೋಚನೆ ಮಾಡುತ್ತಿದ್ದಾಗಲೇ ಕೋದಂಡರಾಮಪ್ಪ ಹೇಳಿ ಕಳಿಸಿದ.

ಹೋದಾಗ ಮತ್ತೊಂದು ಬೆಳೆಯ ಹುಳ ಹಣ್ಣಾಗಿತ್ತು. ಆಳು ಸಾಲದೆ ಶಾಮಲಮ್ಮ ಬೈಯುತ್ತ ಓಡಾಡುತ್ತಿದ್ದಳು. ಅಂಗಳದ ಕುರ್ಚಿಯಲ್ಲಿ ಡಾಕ್ಟರ್, ಹಿಂದೆ ಕಾಗದ ಹಿಡಿದ ವೆಂಕಟ್. ಹೆರಿಗೆಯ ದಿನ ಹತ್ತಿರವಾಗಿದ್ದ ಚೈತನ್ಯ ಕಂಬಕ್ಕೆ ಒರಗಿ ಹಲಸಿನ ತೊಳೆ ತಿನ್ನುತ್ತಿದ್ದಳು.

“ಬಾರಮ್ಮ. ಕೇಸು ವಾಪಸ್ ಅಂತ ಒಂದು ಸೈನ್ ಹಾಕು, ಈಗ್ಲೇ ಕೆಲ್ಸಕ್ ನಿಲ್ಲು. ಹುಳ ಆರಿಸು ಬೇಕಾದ್ರೆ” ಎಂದ ಕೋದಂಡರಾಮಪ್ಪ. ಆಳು ಬೇಕಾದಾಗ ಗೊಡ್ಡಿನ ಕೈಯೂ ಆಗುತ್ತದೆ.

ಡಾಕ್ಟರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. “ನೀನೇ ಬಾಯಿಬಿಟ್ಟು ಹೇಳ್ಲಿಲ್ಲ. ನಾನೇನು ಕಣಿ ಹೇಳೋನಾ? ನಿಮ್ ಜನಕ್ಕೆ ಹೇಳೋಕೂ ಬರಲ್ಲ, ಆಮೇಲೆ ಕೋರ್ಟು ಬೇರೆ.”

ಗಂಗಾಲಕ್ಷ್ಮಿ ಚೈತನ್ಯಳ ಹೊಟ್ಟೆ ನೋಡಿದಳು. ಇವಳೂ ಏನು ಹೇಳಿದ್ದಳು ಇವನಿಗೆ? ಇವನೇ ಕೂರಿಸಿಕೊಂಡು ಕೇಳಿದ್ದಿರಬೇಕು.

“ಹೇಳೋಕ್ ಬರ್ತದೆ ಸಾರ್. ಈಗ ಹೇಳ್ತೀನಿ ಕೇಳಿ. ಏಳು ವರ್ಷ ಪ್ರತಿ ತಿಂಗ್ಳೂ ಮುಟ್ಟಾಗಿ ಇದೇ ಹುಳುಮನೇಲಿ ಸೊಪ್ಪು ಹಾಕಿವ್ನಿ. ಆ ನೋವು ಅದರದ್ದೇ. ಹೇಳಿದ್ರೆ ಅನ್ನ ಹೋಗ್ತದೆ ಅಂತ ಗ್ಯಾಸು ಅಂದೆ.”

“ಥೂ ನಿನ್ನ!” ಶಾಮಲಮ್ಮ ಎದೆ ಬಡಿದುಕೊಂಡಳು. “ನೀನೇನೇ ನಮ್ ಬೆಳೆ ತಿಂದೋಳು!”

“ಹೋದ ಯುಗಾದಿ ಬೆಳೆ ನೋಡಿ ಕುಣಿದ್ರಲ್ಲಮ್ಮ, ಮಾರ್ಕೆಟ್ಟಿಗೇ ಒಂದನೇ ಗೂಡು ಅಂತ? ಆ ಹುಳ ಆರಿಸ್ದಾಗ್ಲೂ ನಂಗೆ ಸೋರ್ತಿತ್ತು. ಇವತ್ತೂ ಎರಡ್ನೇ ದಿನ.”

ಎಂದವಳೇ ಚಪ್ಪಲಿ ಬಿಟ್ಟು ಹುಳುಮನೆಯ ಒಳಗೆ ನಡೆದಳು. ಹೆಂಗಸರು ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡರು.

“ಎಳೀರೋ ಅವ್ಳ್ನ ಆಚೆಗೆ! ವೆಂಕಟ, ಎಳೆಯೋ!” ಕೋದಂಡರಾಮಪ್ಪನ ಗಂಟಲು ಹರಿಯಿತು.

ವೆಂಕಟ್ ಹೊಸಿಲವರೆಗೆ ಓಡಿದವನು ಅಲ್ಲೇ ನಿಂತ. ಮುಟ್ಟಾದವಳನ್ನು ಮುಟ್ಟುವವರು ಯಾರು? ಅವನು ಶಾಮಲಮ್ಮನ ಮುಖ ನೋಡಿದ, ಶಾಮಲಮ್ಮ ಗಂಡನ ಮುಖ ನೋಡಿದಳು. ಕೋದಂಡರಾಮಪ್ಪ ತಾನೂ ಒಂದು ಹೆಜ್ಜೆ ಇಟ್ಟು ಹಿಂದೆ ತೆಗೆದ. ಕಡೆಗೆ ಎಲ್ಲರೂ ಡಾಕ್ಟರ ಕಡೆ ತಿರುಗಿದರು. ಅವನು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ.

ಒಳಗೆ ಗಂಗಾಲಕ್ಷ್ಮಿ ಕಾಲು ಮಡಿಸಿ ಕೂತು ಹುಳ ಆರಿಸುತ್ತಿದ್ದಳು. ಹೊಟ್ಟೆ ಹಿಂಡುತ್ತಿತ್ತು, ಹೊಟ್ಟೆಕಿಚ್ಚೂ ಹಾಗೇ ಇತ್ತು. ಒಂದು ಚಂದ್ರಿಕೆ ತುಂಬಿತು. ಅವಳು ಇನ್ನೊಂದನ್ನು ಎಳೆದುಕೊಂಡಳು.